ಬಸುರಿಯ ಜ್ವರಕ್ಕೆ ಎರಡು ದಿನದ ಗಡುವು

ಕೆರೂರಿನ ಮತ್ತು ಸುತ್ತಲಿನ ಹಳ್ಳಿಗಳ ಅತ್ತೆಂದಿರಿಗೆ, ತವರಿನ ಅವ್ವಂದಿರಿಗೆ, ಮನೆಯ ಹಿರಿಯ ಆಯಿಗಳಿಗೆ ಒಂದು ಬಹಿರಂಗ ಪತ್ರ



ಈ ಪತ್ರ ನಿಮಗೇ ಬರೆಯಲು ಕಾರಣವಿದೆ. ಬಸುರಿ ಹೆಂಗಸು ಏನು ಉಣ್ಣಬೇಕು, ಎಷ್ಟು ಹೊತ್ತು ಮಗ್ಗದ ಮುಂದೆ ಕೂಡಬೇಕು, ಯಾವ ಗುಳಿಗೆ ನುಂಗಬೇಕು, ಯಾವುದನ್ನು ಗೂಡಿನಲ್ಲಿ ಹಾಗೇ ಇಡಬೇಕು ಎಂಬುದನ್ನು ನಮ್ಮ ಕಡೆ ಬಸುರಿ ತೀರ್ಮಾನಿಸುವುದಿಲ್ಲ. ಬಹಳ ಸಲ ಆಕೆಯ ಗಂಡನೂ ತೀರ್ಮಾನಿಸುವುದಿಲ್ಲ. ಆಶಾ ಕಾರ್ಯಕರ್ತೆ ಕಟ್ಟೆಯ ಮೇಲೆ ಕೂತು ಹೇಳಿದ್ದಕ್ಕೆಲ್ಲ ಸೊಸೆ ಹೂಂ ಅನ್ನುತ್ತಾಳೆ. ಆಶಾ ಎದ್ದು ಮುಂದಿನ ಮನೆಗೆ ಹೋದ ಮೇಲೆ ಹೂಂ ಅನ್ನಬೇಕಾದವರು ನೀವು. ಸರ್ಕಾರಕ್ಕೂ ಊರ ಮುಖಂಡರಿಗೂ ಹೇಳಬೇಕಾದದ್ದು ಸ್ವಲ್ಪ ಇದೆ, ಅದನ್ನೂ ನಿಮ್ಮ ಮೂಲಕವೇ ಹೇಳಿಸಬೇಕೆಂದು ನನ್ನ ಆಸೆ. ನಾನು ಡಾಕ್ಟರಲ್ಲ, ಈ ಕಡೆಯ ಹೆಣ್ಣುಮಗಳು. ಓದಿ, ಕೇಳಿ, ತಿಳಿದವರ ಹತ್ತಿರ ಕೂತು ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಮಾತು ಜ್ವರದ್ದು. ಡಾಕ್ಟರು ಇನ್‌ಫ್ಲುಯೆಂಜಾ ಅಥವಾ ಫ್ಲೂ ಅನ್ನುತ್ತಾರೆ. ನಾವು "ಹವಾ ಬದಲಾಗೇತಿ, ಎಲ್ಲಾರಿಗೂ ಬಂದೈತಿ" ಎಂದು ಅದನ್ನು ನೆಗಡಿಯ ಜೊತೆಗೇ ಒಂದು ಗಂಟಿನಲ್ಲಿ ಕಟ್ಟಿಬಿಡುತ್ತೇವೆ. ನೆಗಡಿ ಮೆಲ್ಲಗೆ ಬರುತ್ತದೆ: ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ, ಜ್ವರ ಬಂದರೂ ಮೈ ಬೆಚ್ಚಗಾದಷ್ಟೇ. ಫ್ಲೂ ಹಾಗೆ ಬರುವುದಿಲ್ಲ. ಮುಂಜಾನೆ ಕಸ ಗುಡಿಸಿ ರೊಟ್ಟಿ ಬಡಿದಾಕೆ ಮಧ್ಯಾಹ್ನಕ್ಕೆ ಚಳಿ ಬಂದು ಕೌದಿ ಹೊದ್ದು ಮಲಗುತ್ತಾಳೆ. ತಲೆ ಸಿಡಿಯುತ್ತದೆ, ಮೈಕೈ ಕಡಿದು ಹಾಕಿದಂತಾಗುತ್ತದೆ, ಒಣಕೆಮ್ಮು ಹಿಡಿಯುತ್ತದೆ, ಎದ್ದು ನಿಲ್ಲಲು ಕಾಲಲ್ಲಿ ಬಲ ಇರುವುದಿಲ್ಲ. ಹೊಟ್ಟೆಯಲ್ಲಿ ಕೂಸಿಲ್ಲದ ಗಟ್ಟಿ ಆಳಿಗೆ ಇದು ಬಹುಪಾಲು ಐದಾರು ದಿನದ ಕಾಟ. ಬಸುರಿಗೆ ಇದೇ ಜ್ವರ ಬೇರೆ ಜಾತಿಯದು.

ನಮ್ಮ ಮನೆಗಳಲ್ಲಿ ಆಮೇಲೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಮೊದಲ ದಿನ ಶುಂಠಿ, ಮೆಣಸು, ಜೀರಿಗೆಯ ಕಷಾಯ. ಎರಡನೆಯ ದಿನ ಹಣೆಗೆ ತಣ್ಣೀರ ಬಟ್ಟೆ, ಸಂಜೆ ದೃಷ್ಟಿ ತೆಗೆಯುವುದು. ಗಂಡ ಮೆಡಿಕಲ್ ಅಂಗಡಿಗೆ ಹೋಗಿ ಏನಾದರೂ ತರಲೇ ಎಂದರೆ, "ಬೇಡಪಾ, ಬಸರ ಹೆಂಗಸು, ಗುಳಿಗಿ ಗಿಳಿಗಿ ಕೊಟ್ಟು ಕೂಸಿಗೆ ಏನರ ಆದ್ರ?" ಮೂರನೆಯ ದಿನ ಜ್ವರ ಸ್ವಲ್ಪ ಇಳಿದಂತೆ ಕಂಡು ಎಲ್ಲರಿಗೂ ಸಮಾಧಾನ. ನಾಲ್ಕನೆಯದೋ ಐದನೆಯದೋ ದಿನ ಆಕೆಗೆ ಮಾತಾಡುವಾಗ ದಮ್ಮು ಹತ್ತುತ್ತದೆ. ಆಗ ಗಾಡಿ ಹುಡುಕುತ್ತೇವೆ. ಬಾದಾಮಿಯೋ ಬಾಗಲಕೋಟೆಯೋ ಎಂದು ಚರ್ಚೆ. ಅಲ್ಲಿಂದ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಚೀಟಿ.

ಗುಳಿಗೆಯ ಬಗ್ಗೆ ನಿಮಗಿರುವ ಅಂಜಿಕೆಗೆ ಬುಡವಿಲ್ಲ ಎಂದು ನಾನು ಅನ್ನುವುದಿಲ್ಲ. 1950ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಗುಳಿಗೆ ಬಂತು. ಬಸುರಿಯರ ವಾಂತಿಗೆ, ನಿದ್ದೆಗೆ ಒಳ್ಳೆಯದೆಂದು ಹಂಚಿದರು. ಕೈಕಾಲು ಬೆಳೆಯದ ಸಾವಿರಾರು ಕೂಸುಗಳು ಹುಟ್ಟಿದ ಮೇಲೆ 1961ರಲ್ಲಿ ಅಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದರು. ಆಗಿನಿಂದ ಲೋಕದ ಡಾಕ್ಟರುಗಳೇ ಬಸುರಿಗೆ ಔಷಧ ಬರೆಯುವಾಗ ಎರಡು ಸಲ ಯೋಚಿಸುತ್ತಾರೆ. ಈಗಲೂ ಮೈಕೈ ನೋವಿಗೆಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಗುಳಿಗೆ, ಸೂಜಿಗಳು ಬಸುರಿಗೆ, ಅದರಲ್ಲೂ ಐದು ತಿಂಗಳು ತುಂಬಿದ ಮೇಲೆ, ಒಳ್ಳೆಯವಲ್ಲ. ಹಾಗಾಗಿ ಕಂಡ ಕಂಡ ಗುಳಿಗೆ ಬೇಡ ಎಂಬ ನಿಮ್ಮ ಕಟ್ಟಳೆ ಇರಲಿ. ಆದರೆ ಫ್ಲೂ ವಿಷಯದಲ್ಲಿ ಅದೇ ಕಟ್ಟಳೆ ತಿರುಗಿ ನಿಮ್ಮ ಸೊಸೆಯನ್ನೇ ಕಡಿಯುತ್ತದೆ. ಇಲ್ಲಿ ಗುಳಿಗೆಗಿಂತ ಕಾಯುವುದು ಅಪಾಯ.

ಒಸೆಲ್ಟಾಮಿವಿರ್ ಎಂಬ ಔಷಧವಿದೆ. 2009ರಲ್ಲಿ ಹಂದಿಜ್ವರ ಬಂದಾಗ ಟಾಮಿಫ್ಲೂ ಎಂಬ ಅದರ ಹೆಸರನ್ನು ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ವೈರಸ್ಸು ಒಂದು ಜೀವಕೋಶದಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಹಬ್ಬುವುದನ್ನು ಅದು ತಡೆಯುತ್ತದೆ. ದಿನಕ್ಕೆರಡರಂತೆ ಐದು ದಿನ. ಲಕ್ಷಣ ಕಂಡ 48 ತಾಸಿನೊಳಗೆ ಶುರುಮಾಡಿದರೆ ಅದರ ಕೆಲಸ ಚೆನ್ನಾಗಿ ಆಗುತ್ತದೆ. ಆಮೇಲೆ ಕೊಟ್ಟರೂ ಗಂಭೀರವಾದವರಿಗೆ ಅಷ್ಟಿಷ್ಟು ಉಪಯೋಗವಿದೆ, ಆದರೆ ಮೊದಲ ಎರಡು ದಿನದ ಬಲ ಮತ್ತೆ ಸಿಗುವುದಿಲ್ಲ. 2009ರಿಂದೀಚೆಗೆ ಸಾವಿರಾರು ಬಸುರಿಯರು ಇದನ್ನು ತೆಗೆದುಕೊಂಡಿದ್ದಾರೆ. ಅವರ ಕೂಸುಗಳಲ್ಲಿ ಊನ ಹೆಚ್ಚಿದ್ದು ಕಂಡುಬಂದಿಲ್ಲ.

ಇದು ನನ್ನ ಮಾತಲ್ಲ. ಕೇಂದ್ರ ಆರೋಗ್ಯ ಇಲಾಖೆ ಫ್ಲೂ ರೋಗಿಗಳನ್ನು ಮೂರು ಗುಂಪು ಮಾಡಿದೆ. ಸಾದಾ ಜ್ವರ-ಕೆಮ್ಮಿನವರು ಎ ಗುಂಪು. ಅವರಿಗೆ ಈ ಔಷಧ ಬೇಡ, ಮನೆಯಲ್ಲಿ ಮಲಗಿದರೆ ಸಾಕು. ದಮ್ಮು, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವುದು ಇದ್ದವರು ಸಿ ಗುಂಪು; ಕೂಡಲೇ ಆಸ್ಪತ್ರೆಗೆ ದಾಖಲು. ಇವೆರಡರ ನಡುವೆ ಬಿ ಗುಂಪು. ಬಸುರಿಯನ್ನು, ಆಕೆಯ ಜ್ವರ ಎಷ್ಟೇ ಸಾದಾ ಇರಲಿ, ಬಿ ಗುಂಪಿಗೆ ಸೇರಿಸಿ ಒಸೆಲ್ಟಾಮಿವಿರ್ ಕೊಡಿ ಎಂದು ಅದೇ ಸೂಚನೆಯಲ್ಲಿದೆ. ಗಂಟಲಿನ ದ್ರವ ಪರೀಕ್ಷೆಗೆ ಕಳಿಸಿ ಅದರ ಫಲಿತಾಂಶ ಬರುವವರೆಗೆ ಕಾಯಬೇಕಿಲ್ಲ ಎಂದೂ ಇದೆ. ಅಂದರೆ ಸರ್ಕಾರ ಕೂಡ ಬಸುರಿಯ ಜ್ವರಕ್ಕೆ ಕಾಯುವ ಪದ್ಧತಿಯನ್ನು ಕೈಬಿಟ್ಟಿದೆ. ಕಾಯುತ್ತಿರುವವರು ನಾವು.

ಬಸುರಿಗೇ ಯಾಕೆ ಇಷ್ಟು ಕೆಟ್ಟದಾಗಿ ತಾಗುತ್ತದೆ? ನೀವು ಹೆತ್ತವರು, ಅರ್ಧ ಉತ್ತರ ನಿಮ್ಮ ಮೈಗೇ ಗೊತ್ತು. ಏಳು ತಿಂಗಳಾದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತಲ್ಲ? ಬೆಳೆದ ಗರ್ಭ ವಪೆಯನ್ನು ಮೇಲಕ್ಕೆ ತಳ್ಳಿ ಪುಪ್ಪುಸಕ್ಕೆ ಜಾಗ ಕಡಿಮೆ ಮಾಡುತ್ತದೆ. ಅದೇ ಹೊತ್ತಿಗೆ ಇಬ್ಬರಿಗೆ ಸಾಲುವಷ್ಟು ಆಮ್ಲಜನಕ ಬೇಕು, ಹೃದಯ ಮೊದಲಿಗಿಂತ ಹೆಚ್ಚು ರಕ್ತ ಒತ್ತಬೇಕು. ಇನ್ನೊಂದು ಸಂಗತಿ ಹೊರಗೆ ಕಾಣುವುದಿಲ್ಲ: ಅರ್ಧ ಅಪ್ಪನದಾದ ಕೂಸನ್ನು ತಾಯಿಯ ಮೈ ಪರಕೀಯ ಎಂದು ತಳ್ಳಿಹಾಕಬಾರದಲ್ಲ, ಅದಕ್ಕೆ ಆಕೆಯ ರೋಗನಿರೋಧಕ ವ್ಯವಸ್ಥೆ ತನ್ನ ಪಟ್ಟುಗಳನ್ನು ಬದಲಿಸಿಕೊಂಡಿರುತ್ತದೆ. ಆ ಬದಲಾವಣೆಯ ಸಂದಿನಲ್ಲಿ ಫ್ಲೂ ವೈರಸ್ಸು ಪುಪ್ಪುಸದ ಆಳಕ್ಕೆ ಇಳಿದು ನ್ಯುಮೋನಿಯಾ ಆಗುವ ಸಾಧ್ಯತೆ ಹೆಚ್ಚು. ಕೊನೆಯ ಮೂರು ತಿಂಗಳು, ಮತ್ತು ಹೆತ್ತ ಮೇಲಿನ ಎರಡು ವಾರ, ಅತಿ ಕಷ್ಟದ ಕಾಲ.

ಕೂಸಿನ ಪಾಡು? ಫ್ಲೂ ವೈರಸ್ಸು ಸಾಮಾನ್ಯವಾಗಿ ಮಾಸು ದಾಟಿ ಕೂಸಿನ ಮೈಗೆ ಹೋಗುವುದಿಲ್ಲ. ಆದರೂ ಒಲೆ ಆಚೆಯ ಕೋಣೆಯಲ್ಲಿದ್ದರೂ ಗೋಡೆ ಕಾಯುವ ಹಾಗೆ, ತಾಯಿಯ ಜ್ವರದ ಕಾವು, ಆಕೆಯ ಮೈಯಲ್ಲೆದ್ದ ಉರಿಯೂತ, ಆಕೆಗೆ ಬಿದ್ದ ಆಮ್ಲಜನಕದ ಕೊರತೆ ಕೂಸಿಗೆ ತಟ್ಟುತ್ತವೆ. ತಿಂಗಳು ತುಂಬುವ ಮೊದಲೇ ಹೆರಿಗೆಯಾಗಬಹುದು, ತೂಕ ಕಡಿಮೆ ಬರಬಹುದು, ಹೊಟ್ಟೆಯಲ್ಲೇ ಕೂಸು ತೀರಿಕೊಳ್ಳಬಹುದು. 2009ರಲ್ಲಿ ಬ್ರಿಟನ್ನಿನಲ್ಲಿ ಹಂದಿಜ್ವರ ತಾಗಿ ಆಸ್ಪತ್ರೆ ಸೇರಿದ 256 ಬಸುರಿಯರ ಲೆಕ್ಕ ಇಟ್ಟರು. ಆ ಗುಂಪಿನಲ್ಲಿ ಸಾವಿರಕ್ಕೆ 39ರ ಪ್ರಮಾಣದಲ್ಲಿ ಕೂಸುಗಳು ಹೊಟ್ಟೆಯಲ್ಲೋ ಹುಟ್ಟಿದ ವಾರದೊಳಗೋ ತೀರಿಕೊಂಡವು. ಜ್ವರ ಬಾರದ ತಾಯಂದಿರಲ್ಲಿ ಆ ಪ್ರಮಾಣ ಸಾವಿರಕ್ಕೆ 7. ನೆನಪಿಡಿ, ಅದು ಎಲ್ಲ ಸೌಕರ್ಯ ಇರುವ ದೇಶ.

ಮೊದಲ ತಿಂಗಳುಗಳ ಮಾತು ಬೇರೆಯೇ ಇದೆ. ನಮ್ಮ ಕಡೆ ಬಸುರಿನ ಸುದ್ದಿ ಬೇಗ ಹೊರಗೆ ಬಿಡುವುದಿಲ್ಲ. ಮೂರರಲ್ಲಿ ಕಳ್ಳ ಕುಬಸ, ಸದ್ದಿಲ್ಲದೆ ಒಂದು ಹಸಿರು ಸೀರೆ. ಊರಿಗೆ ಗೊತ್ತಾಗುವುದು ಆಮೇಲೆ. ಆದರೆ ಕೂಸಿನ ಮಿದುಳು, ಬೆನ್ನುಹುರಿ ಆಗಬೇಕಾದ ನಾಳ ಗರ್ಭ ನಿಂತ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದೆ. ತಿಂಗಳು ತಪ್ಪಿತೋ ಇಲ್ಲವೋ ಎಂದು ಆಕೆಗೇ ಖಾತ್ರಿಯಾಗದ ದಿನಗಳವು. ಆ ಹೊತ್ತಿನಲ್ಲಿ ತಾಯಿಗೆ ಸುಡುವ ಜ್ವರ ಬಂದು ಇಳಿಸದೆ ಬಿಟ್ಟರೆ ಆ ನಾಳ ಸರಿಯಾಗಿ ಮುಚ್ಚದಿರುವ ಅಪಾಯ ಹೆಚ್ಚುತ್ತದೆ. ಅಂಜಬೇಡಿ, ಹೀಗೆ ಜ್ವರ ಬಂದ ಬಹುಪಾಲು ತಾಯಂದಿರ ಕೂಸು ಸುಖವಾಗೇ ಹುಟ್ಟುತ್ತದೆ. ಆದರೆ ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಜ್ವರ ಬಂದಾಗ ತಿಂಗಳು ಸರಿಯಾಗಿ ಆಗಿದೆಯೇ ಎಂದು ಮೆಲ್ಲಗೆ ಕೇಳಿ, ಅದನ್ನು ಡಾಕ್ಟರಿಗೂ ಹೇಳಿ. ಜ್ವರ ಇಳಿಸಲು ಪ್ಯಾರಾಸಿಟಮಾಲ್ ಇದೆ. ಅವರು ಹೇಳಿದ ಅಳತೆಯಲ್ಲಿ ಕೊಡಿ. ಸರ್ಕಾರಿ ದವಾಖಾನೆಯಲ್ಲಿ ಸಿಗುವ ಫೋಲಿಕ್ ಆಮ್ಲದ ಗುಳಿಗೆ ಇರುವುದು ಇದೇ ನಾಳದ ಸಲುವಾಗಿ. ಅದು ಗೂಡಿನಲ್ಲಿದ್ದರೆ ಯಾರಿಗೂ ಉಪಯೋಗವಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ನಿಮ್ಮ ಅತ್ತೆಯ ಅತ್ತೆಯ ಕಾಲಕ್ಕೆ. 1918. ಕೆರೂರು ಆಗ ಬಿಜಾಪುರ ಜಿಲ್ಲೆಯ ಬಾದಾಮಿ ತಾಲೂಕಿನಲ್ಲಿ, ಮುಂಬೈ ಪ್ರೆಸಿಡೆನ್ಸಿಯ ಆಡಳಿತದಲ್ಲಿತ್ತು. ಮೊದಲ ಮಹಾಯುದ್ಧದ ಕೊನೆಯ ವರ್ಷ. ಜೂನ್ ತಿಂಗಳಲ್ಲಿ ಮುಂಬೈ ಬಂದರಿನ ಕಡೆಯಿಂದ ಹೊಸ ಜ್ವರ ಹಬ್ಬಿತು. ಆ ಮೊದಲ ಅಲೆ ಬಂದ ಹಾಗೆಯೇ ಹೋಯಿತು. ಸೆಪ್ಟೆಂಬರಿನಲ್ಲಿ ತಿರುಗಿ ಬಂದದ್ದು ಬೇರೆಯೇ ಆಗಿತ್ತು. ಅಕ್ಟೋಬರ್ 6ರಂದು ಒಂದೇ ದಿನ ಮುಂಬೈ ಶಹರದಲ್ಲಿ 768 ಜನ ಸತ್ತರು. ಅಲ್ಲಿಂದ ರೈಲು ಹಿಡಿದು ಜನ ಊರಿಗೆ ಬಂದಂತೆ ಜ್ವರವೂ ಬಂತು. ಹೋಟಗಿಯಿಂದ ಬಿಜಾಪುರ, ಬಾಗಲಕೋಟೆ, ಬಾದಾಮಿ ದಾಟಿ ಗದಗಕ್ಕೆ ಹೋಗುವ ಹಳಿ ಆಗಲೇ ಮೂವತ್ತು ವರ್ಷಕ್ಕೂ ಹಳೆಯದು.

ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಮುಂಗಾರಿ ಹೋಗಿತ್ತು, ಜೋಳದ ಧಾರಣೆ ಏರಿತ್ತು. ಎರಿ ಹೊಲಕ್ಕೆ ಬಿಳಿಜೋಳ ಬಿತ್ತುವ ಹಿಂಗಾರಿ ಹಂಗಾಮು ಬಂತೆನ್ನುವಷ್ಟರಲ್ಲಿ ಕೂರಿಗೆ ಹಿಡಿಯಬೇಕಾದವರು ಹಾಸಿಗೆ ಹಿಡಿದರು. ಮುಂಬೈ ಪ್ರೆಸಿಡೆನ್ಸಿಯೊಂದರಲ್ಲೇ ಹತ್ತು ಲಕ್ಷದ ಆಸುಪಾಸು ಜನ ಸತ್ತರು. ಇಡೀ ದೇಶದಲ್ಲಿ ಸತ್ತವರ ಅಂದಾಜು ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಮೇಲಕ್ಕೇ ಹೋಗುತ್ತದೆ. ಜನಗಣತಿ ಶುರುವಾದ ಮೇಲೆ ಭಾರತದ ಜನಸಂಖ್ಯೆ ಹಿಂದಿನ ಲೆಕ್ಕಕ್ಕಿಂತ ಇಳಿದ ದಶಕ ಒಂದೇ ಒಂದು, 1911ರಿಂದ 1921ರವರೆಗಿನದು.

ಆ ಜ್ವರದ ಒಂದು ವಿಚಿತ್ರ ಲಕ್ಷಣವನ್ನು ಲೋಕದ ಎಲ್ಲ ಕಡೆ ಕಂಡರು. ಮುದುಕರಿಗಿಂತ, ಕೂಸುಗಳಿಗಿಂತ ಇಪ್ಪತ್ತರಿಂದ ನಲವತ್ತರ ಗಟ್ಟಿ ವಯಸ್ಸಿನವರು ಹೆಚ್ಚು ಸತ್ತರು. ನಮ್ಮ ದೇಶದಲ್ಲಿ ಇನ್ನೊಂದು ಸೇರಿತು: ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಆಗಿನ ಅಧಿಕಾರಿಗಳು, ಮುಂದೆ ಇತಿಹಾಸಕಾರರು ಅದಕ್ಕೆ ಕೊಟ್ಟ ಕಾರಣ ನಿಮಗೆ ಹೊಸದಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವರು, ಮತ್ತು ಮನೆಯಲ್ಲಿ ಯಾರು ಮಲಗಿದರೂ ಅವರ ಪಕ್ಕ ಕೂತು ಆರೈಕೆ ಮಾಡುವವರು ಹೆಂಗಸರೇ. ತಮಗೆ ಜ್ವರ ಬಂದರೂ ಎದ್ದು ನೀರು ತರಬೇಕಾದವರೂ ಅವರೇ. ಮಕ್ಕಳನ್ನು ಹೆರುವ ವಯಸ್ಸಿನವರು ಇಷ್ಟು ಜನ ಹೋದ ಮೇಲೆ 1919ರಲ್ಲಿ ಹುಟ್ಟುಗಳ ಸಂಖ್ಯೆ ದೊಡ್ಡ ಪ್ರಮಾಣದಲ್ಲಿ ಇಳಿಯಿತು. ಸತ್ತವರ ಲೆಕ್ಕ ಸರ್ಕಾರ ಬರೆದಿಟ್ಟಿತು. ಅವರಲ್ಲಿ ಬಸುರಿಯರು ಎಷ್ಟು, ಅವರೊಡನೆ ಹೋದ ಕೂಸುಗಳು ಎಷ್ಟು ಎಂಬ ಅಂಕಣ ಆ ಪಟ್ಟಿಯಲ್ಲಿ ಇರಲಿಲ್ಲ. ಹುಟ್ಟದ ಕೂಸಿಗೆ ದಾಖಲೆ ಎಲ್ಲಿಯದು?

ಆ ಲೆಕ್ಕ ಸಿಗುವುದು ಅಮೆರಿಕದಲ್ಲಿ. ಅದೇ ಅಲೆಯಲ್ಲಿ ಫ್ಲೂ ತಾಗಿದ 1,350 ಬಸುರಿಯರ ವಿವರವನ್ನು ಹ್ಯಾರಿಸ್ ಎಂಬ ಡಾಕ್ಟರು ಬೇರೆ ಬೇರೆ ವೈದ್ಯರಿಂದ ತರಿಸಿ 1919ರಲ್ಲಿ ಪ್ರಕಟಿಸಿದರು. ನೂರಕ್ಕೆ 27 ಜನ ಸತ್ತಿದ್ದರು. ಅರ್ಧದಷ್ಟು ಮಂದಿಗೆ ನ್ಯುಮೋನಿಯಾ ಆಗಿತ್ತು. ಹಾಗೆ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯಲಿಲ್ಲ. ಬದುಕಿದವರಲ್ಲೂ ಅನೇಕರ ಗರ್ಭ ಇಳಿದುಹೋಗಿತ್ತು. 1957ರ ಏಷ್ಯನ್ ಫ್ಲೂ ಹೊತ್ತಿಗೆ ಅದೇ ದೇಶದ ಮಿನೆಸೋಟಾ ರಾಜ್ಯದಲ್ಲಿ ಆ ಜ್ವರದಿಂದ ಸತ್ತ, ಹೆರುವ ವಯಸ್ಸಿನ ಹೆಂಗಸರಲ್ಲಿ ಅರ್ಧದಷ್ಟು ಜನ ಬಸುರಿಯರಾಗಿದ್ದರು. 2009ರಲ್ಲಿ ಮತ್ತೆ ಅದೇ: ಅಮೆರಿಕದ ಜನರಲ್ಲಿ ಬಸುರಿಯರು ನೂರಕ್ಕೆ ಒಬ್ಬರು, ಹಂದಿಜ್ವರದಿಂದ ಸತ್ತವರಲ್ಲಿ ನೂರಕ್ಕೆ ಐವರು. ವೈರಸ್ಸಿನ ತಳಿ ಬದಲಾಗಿದೆ, ಶತಮಾನ ಬದಲಾಗಿದೆ, ಬಸುರಿಯ ಮೇಲೆ ಅದರ ಹಗೆ ಬದಲಾಗಿಲ್ಲ.

ಮತ್ತೆ ನಮ್ಮ ರಾಜ್ಯಕ್ಕೆ. 2009ರಲ್ಲಿ ಬಂದ ಹಂದಿಜ್ವರದ ತಳಿ ಎಚ್1ಎನ್1 ಬಂದು ಹೋದದ್ದಲ್ಲ, ಬಂದು ಉಳಿದದ್ದು. ಈಗ ಅದು ವರ್ಷವೂ ಬರುವ ಫ್ಲೂಗಳಲ್ಲಿ ಒಂದು. 2015ರಲ್ಲಿ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಜನರಿಗೆ ತಾಗಿ ಸುಮಾರು ಮೂರು ಸಾವಿರ ಜನ ಸತ್ತರು. 2023ರ ಮಾರ್ಚಿನಲ್ಲಿ ಎಚ್3ಎನ್2 ಎಂಬ ಇನ್ನೊಂದು ತಳಿ ಜೋರಾದಾಗ ಹಾಸನ ಜಿಲ್ಲೆಯಲ್ಲಿ ಒಬ್ಬ ಹಿರಿಯರು ತೀರಿಕೊಂಡು ದೇಶವೆಲ್ಲ ಸುದ್ದಿಯಾಯಿತು. ಆಗಿನ ಆರೋಗ್ಯ ಮಂತ್ರಿ ಡಾ. ಕೆ. ಸುಧಾಕರ್ ಸಭೆ ನಡೆಸಿ, ಹೆಚ್ಚು ಎಚ್ಚರ ಬೇಕಾದವರು ಹದಿನೈದರೊಳಗಿನ ಮಕ್ಕಳು, ಅರವತ್ತೈದು ದಾಟಿದವರು ಮತ್ತು ಬಸುರಿಯರು ಎಂದರು. ಟಿವಿಯಲ್ಲಿ ಒಂದು ವಾರ ಬಂತು. ಆಮೇಲೆ ಚುನಾವಣೆ ಬಂತು.

ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚಿನೊಳಗೆ ಒಮ್ಮೆ, ಮಳೆಗಾಲದ ನಡುವಿನಿಂದ ಅಕ್ಟೋಬರಿನೊಳಗೆ ಇನ್ನೊಮ್ಮೆ. ಈಗ ನಮ್ಮ ಕ್ಯಾಲೆಂಡರ್ ನೋಡಿ. ಬನದ ಹುಣ್ಣಿಮೆಗೆ ಚೊಳಚಗುಡ್ಡದಲ್ಲಿ ಬನಶಂಕರಿ ತೇರು ಎಳೆದರೆ ಜಾತ್ರೆ ಆಮೇಲೂ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳ ತಗಡಿನ ಥೇಟರಿನಲ್ಲಿ ಭುಜಕ್ಕೆ ಭುಜ ತಾಗಿಸಿ ಜನ. ಮಳೆಗಾಲದ ಏರಿಕೆ ಮುಗಿಯುವ ಹೊತ್ತಿಗೆ ದಸರೆ, ದೀಪಾವಳಿ. ಗೋವೆಗೆ, ಮಂಗಳೂರಿಗೆ ದುಡಿಯಲು ಹೋದವರು ಕಿಕ್ಕಿರಿದ ಬಸ್ಸಿನಲ್ಲಿ ಊರಿಗೆ ಬರುತ್ತಾರೆ, ಅವರ ಜೊತೆ ಚೊಚ್ಚಲ ಹೆರಿಗೆಗೆ ಬರುವ ಮಗಳೂ ಇರುತ್ತಾಳೆ. ಜಾತ್ರೆ ಬಿಡಿ, ಬಸ್ಸು ಬಿಡಿ ಎಂದು ನಾನು ಹೇಳಿದರೆ ನೀವು ಈ ಪತ್ರ ಇಲ್ಲಿಗೇ ಮಡಚಿಡುತ್ತೀರಿ. ಹೇಳುವುದಿಲ್ಲ. ತೇರಿನ ದಿನದ ಜಂಗುಳಿಗೆ ದಿನ ತುಂಬಿದ ಮಗಳನ್ನು ಕರೆದೊಯ್ಯದಿದ್ದರೆ ತಾಯಿ ಬನಶಂಕರಿ ಮುನಿಯುವುದಿಲ್ಲ. ಶಾಕಾಂಬರಿ ಆಕೆ, ಜಾತ್ರೆ ಇಳಿದ ಮೇಲೆ ಹೋದರೂ ದರ್ಶನ ಕೊಡುತ್ತಾಳೆ.

ಕುಬಸದ ಮಾತು ಮಾತ್ರ ಬಿಡಲಾರೆ. ಹಸಿರು ಇಳಕಲ್ ಸೀರೆ ಉಡಿಸಿ, ಬಳೆ ಇಡಿಸಿ, ನಡುಮನೆಯಲ್ಲಿ ಕೂಡಿಸಿ ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಉಡಿ ತುಂಬಿ, ಆರತಿ ಎತ್ತಿ, ಗಲ್ಲ ಮುಟ್ಟಿ ಹಾಡುವ ಕಾರ್ಯ. ಬಸುರಿಯ ಮುಖದಿಂದ ಒಂದು ಮೊಳ ದೂರದಲ್ಲಿ ಅಷ್ಟು ಜನರ ಉಸಿರು. ಫ್ಲೂ ಹಬ್ಬುವುದೇ ಕೆಮ್ಮು, ಸೀನು, ಹತ್ತಿರದ ಮಾತಿನ ಹನಿಗಳಿಂದ. ಕುಬಸ ಮಾಡಿ, ಚೆನ್ನಾಗೇ ಮಾಡಿ. ಆದರೆ ಆರತಿ ಎತ್ತುವ ಮುತ್ತೈದೆಯರಲ್ಲಿ ಒಬ್ಬಾಕೆ ಮೂಗು ಒರೆಸಿಕೊಳ್ಳುತ್ತಿದ್ದರೆ, ಆಕೆ ಸ್ವಂತ ನಾದಿನಿಯೇ ಆಗಿರಲಿ, "ನೀ ಇವತ್ತ ಅಲ್ಲೇ ಕುಂತು ಹಾಡವಾ" ಎಂದು ಹೇಳುವ ಅಧಿಕಾರ ಆ ಮನೆಯಲ್ಲಿ ನಿಮಗೊಬ್ಬರಿಗೇ ಇರುವುದು. ಸೊಸೆ ಹೇಳಿದರೆ ಸೊಕ್ಕು ಅನ್ನುತ್ತಾರೆ.

ಇನ್ನು ಲಸಿಕೆ. ಬಸುರಿಯರಿಗೆ ಟಿಡಿ ಸೂಜಿ ಹಾಕಿಸುತ್ತೀರಿ, ತಾಯಿ ಕಾರ್ಡಿನಲ್ಲಿ ಅದರ ತಾರೀಖು ಬರೆಸುತ್ತೀರಿ. ಧನುರ್ವಾಯುವಿನಿಂದ ಬಾಣಂತಿ, ಕೂಸು ಸಾಯುವುದು ಅದರಿಂದ ನಿಂತದ್ದನ್ನು ನಿಮ್ಮಲ್ಲಿ ಹಿರಿಯರು ಕಣ್ಣಾರೆ ಕಂಡಿದ್ದೀರಿ. ಫ್ಲೂ ಲಸಿಕೆಯೂ ಅಂಥದೇ. ಸತ್ತ ವೈರಸ್ಸಿನ ಚೂರುಗಳಿಂದ ಮಾಡಿದ್ದು, ಅದರಿಂದ ಜ್ವರರೋಗ ಹತ್ತುವುದಿಲ್ಲ. ಮೂಗಿಗೆ ಸಿಂಪಡಿಸುವ ಇನ್ನೊಂದು ನಮೂನೆ ಇದೆ, ಅದು ಜೀವಂತ ವೈರಸ್ಸಿನದು, ಬಸುರಿಗೆ ಬೇಡ. ಸೂಜಿಯ ಲಸಿಕೆಯನ್ನು ಯಾವ ತಿಂಗಳಲ್ಲಾದರೂ ಕೊಡಬಹುದು. ಅಮೆರಿಕದಲ್ಲಿ 1960ರ ದಶಕದಿಂದ ಬಸುರಿಯರಿಗೆ ಕೊಡುತ್ತ ಬಂದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಈ ಲಸಿಕೆಯ ಸಾಲಿನಲ್ಲಿ ಬಸುರಿಯರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿತು.

ದೂರದ ದೇಶದ ಮಾತೇಕೆ, ನೆರೆಯ ಬಾಂಗ್ಲಾದೇಶದ್ದೇ ಕೇಳಿ. ಅಲ್ಲಿ 340 ಬಸುರಿಯರನ್ನು ಎರಡು ಗುಂಪು ಮಾಡಿ ಒಂದಕ್ಕೆ ಫ್ಲೂ ಲಸಿಕೆ, ಇನ್ನೊಂದಕ್ಕೆ ಬೇರೆ ಲಸಿಕೆ ಕೊಟ್ಟರು. 2008ರಲ್ಲಿ ಬಂದ ಫಲಿತಾಂಶದ ಪ್ರಕಾರ ಫ್ಲೂ ಲಸಿಕೆ ಪಡೆದ ತಾಯಂದಿರ ಕೂಸುಗಳಲ್ಲಿ ಆರು ತಿಂಗಳವರೆಗೆ ಫ್ಲೂ ನೂರಕ್ಕೆ 63ರಷ್ಟು ಕಡಿಮೆ. ಲಸಿಕೆ ಕೂಸಿಗೆ ಹಾಕಿದ್ದಲ್ಲ, ತಾಯಿಗೆ. ಆಕೆಯ ಮೈಯಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸಿನ ಮೂಲಕ ಕೂಸಿಗೆ ಇಳಿದು ಬಂದವು. ಆರು ತಿಂಗಳ ಒಳಗಿನ ಕೂಸಿಗೆ ನೇರವಾಗಿ ಹಾಕುವ ಫ್ಲೂ ಲಸಿಕೆ ಲೋಕದಲ್ಲೇ ಇಲ್ಲ, ತಾಯಿಯಿಂದ ಬಂದದ್ದೇ ಅದಕ್ಕೆ ಕಾವಲು. ನೇಪಾಳದ ಬಯಲು ಸೀಮೆಯಲ್ಲಿ ಸುಮಾರು 3,700 ಬಸುರಿಯರ ಮೇಲೆ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಕೂಸುಗಳಿಗೆ ಸಿಕ್ಕ ರಕ್ಷಣೆ ಇಷ್ಟು ದೊಡ್ಡದಿರಲಿಲ್ಲ, ನೂರಕ್ಕೆ 30. ಆದರೆ ಹುಟ್ಟುವಾಗಿನ ತೂಕ ಸರಾಸರಿ 42 ಗ್ರಾಂ ಹೆಚ್ಚಿತ್ತು, ಕಡಿಮೆ ತೂಕದ ಕೂಸುಗಳ ಸಂಖ್ಯೆ ನೂರಕ್ಕೆ 15ರಷ್ಟು ಇಳಿದಿತ್ತು. ಲಸಿಕೆ ಹಾಕಿಸಿಕೊಂಡರೂ ಫ್ಲೂ ಬರಬಹುದು. ಬಂದರೂ ಬಹಳ ಸಲ ಹಗುರಾಗಿ ಹೋಗುತ್ತದೆ ಎಂಬುದೂ ಅದರ ಬೆಲೆ.

ಒಂದು ವಿಷಯ ಮುಚ್ಚಿಡುವುದಿಲ್ಲ. ಬಹುಪಾಲು ಫ್ಲೂ ಲಸಿಕೆಗಳ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಿ, ಕೊಂದು, ಸೋಸಿ ತೆಗೆಯುತ್ತಾರೆ. ಲಿಂಗಧಾರಣೆಯಾದ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ, ಏಳಬೇಕಾದದ್ದೇ. ಇದು ನಾಲಿಗೆಯ ರುಚಿಗೆ ತಿನ್ನುವುದಲ್ಲ, ಒಂದು ಜೀವ ಕಾಯಲು ತೋಳಿಗೆ ಚುಚ್ಚಿಸಿಕೊಳ್ಳುವ ಔಷಧ ಎಂಬುದು ನನ್ನ ನಿಲುವು. ನಿಮ್ಮ ನಿಲುವು ಬೇರೆಯಾಗಿದ್ದರೆ ಜಗಳವಿಲ್ಲ. ಆಗ ಜ್ವರ ಬಂದ ದಿನವೇ ದವಾಖಾನೆಗೆ ಹೋಗುವ ಮಾತಾದರೂ ಗಟ್ಟಿಯಾಗಿರಲಿ.

ಲಸಿಕೆಯ ದೊಡ್ಡ ತೊಡಕು ಮೊಟ್ಟೆಯಲ್ಲ, ರೊಕ್ಕ. ಬಸುರಿಯರಿಗೆ, ಎಷ್ಟನೇ ತಿಂಗಳೇ ಇರಲಿ, ಈ ಲಸಿಕೆ ಒಳ್ಳೆಯದು ಎಂದು ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯೇ ಹೇಳುತ್ತದೆ; ಬಸುರಿಯರಿಗೆ ಈ ಲಸಿಕೆ ಬೇಕೆಂದು ಹೆರಿಗೆ ಡಾಕ್ಟರುಗಳ ಸಂಘ ಫಾಗ್ಸಿಯೂ ಹೇಳುತ್ತದೆ. ಆದರೆ ಟಿಡಿಯಂತೆ ಇದು ಎಲ್ಲ ಬಸುರಿಯರಿಗೂ ಪುಕ್ಕಟೆ ಹಾಕುವ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಖಾಸಗಿಯಲ್ಲಿ ಹಾಕಿಸಲು ಸಾವಿರ ದಾಟುವ ಖರ್ಚು. ವೈರಸ್ಸು ವೇಷ ಬದಲಿಸುತ್ತಲೇ ಇರುವುದರಿಂದ ಲಸಿಕೆಯನ್ನೂ ವರ್ಷವರ್ಷ ತಿದ್ದುತ್ತಾರೆ, ಹೀಗಾಗಿ ಮುಂದಿನ ಬಸುರಿನಲ್ಲಿ ಮತ್ತೆ ಹಾಕಿಸಬೇಕು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುವ ಬಸುರಿಗೆ ಡಾಕ್ಟರು ತಾವಾಗಿಯೇ ಬರೆದುಕೊಡುತ್ತಾರೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಖಣ ನೇಯುವಾಕೆಗೆ ಇಂಥದೊಂದು ಇದೆ ಎಂದೇ ಯಾರೂ ಹೇಳುವುದಿಲ್ಲ. ಒಳ್ಳೆಯದೆಂದು ಕಾಗದದಲ್ಲಿ ಬರೆದು, ಕೊಳ್ಳುವ ಭಾರವನ್ನು ನೇಕಾರರ ಮನೆಯ ಮೇಲೆ ಹಾಕಿದ ಸರ್ಕಾರದ ಈ ನಡೆ ನನಗೆ ಅರ್ಥವಾಗುವುದಿಲ್ಲ.

ಇಲ್ಲಿ ನಿಮ್ಮ ದನಿ ಬೇಕು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಗಳಲ್ಲಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ, ಸೊಸೆಯಂದಿರ ಜೊತೆ ನೀವೂ ಹೋಗುತ್ತೀರಿ. ಅಲ್ಲಿ ಮೂರು ಪ್ರಶ್ನೆ ಕೇಳಿ: ಒಸೆಲ್ಟಾಮಿವಿರ್ ಇಲ್ಲಿ ಇದೆಯೇ, ರವಿವಾರ ಮತ್ತು ರಾತ್ರಿ ಹೊತ್ತಿನಲ್ಲಿ ಬಂದರೆ ಯಾರು ಕೊಡುತ್ತಾರೆ, ಫ್ಲೂ ಲಸಿಕೆ ಬಸುರಿಯರಿಗೆ ಯಾವಾಗ ಬರುತ್ತದೆ. ಮೂರನೆಯದಕ್ಕೆ ಡಾಕ್ಟರ ಹತ್ತಿರ ಉತ್ತರ ಇರುವುದಿಲ್ಲ, ಅವರ ಮೇಲೆ ಸಿಟ್ಟಾಗಬೇಡಿ. ಅದನ್ನು ಪಟ್ಟಣ ಪಂಚಾಯಿತಿಯ ಸದಸ್ಯರಿಗೆ, ವೋಟಿಗೆ ಬರುವವರಿಗೆ, ಸ್ವಸಹಾಯ ಸಂಘದ ಸಭೆಗೆ ಬರುವ ಅಧಿಕಾರಿಗೆ ಕೇಳಿ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್-ಮೇ ಹೊತ್ತಿಗೆ ಕೇಳಿದರೆ ಆ ವರ್ಷದ ಲಸಿಕೆಗೆ ಅರ್ಥವಿರುತ್ತದೆ.

ಜ್ವರದ ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಚಳಿ-ಜ್ವರ-ಕೆಮ್ಮು ಬಂದ ದಿನವೇ ದವಾಖಾನೆ, ಹೋದೊಡನೆ ಮೊದಲ ಮಾತು "ಬಸರದಾಳ್ರಿ, ಇಷ್ಟು ತಿಂಗಳು". ಹೋಗಲಾಗದ ರಾತ್ರಿಯಾದರೆ 104ಕ್ಕೆ ಫೋನು ಹಚ್ಚಿ ಕೇಳಬಹುದು. ನಿಮ್ಮ ಕಷಾಯ ಇರಲಿ, ಗಂಜಿ ಇರಲಿ, ನೀರು ಮಜ್ಜಿಗೆ ಚೆನ್ನಾಗಿ ಕುಡಿಸಿ. ಅವು ಔಷಧದ ಜೊತೆಗೆ, ಔಷಧದ ಬದಲಿಗೆ ಬೇಡ. ಮಾತಾಡುವಾಗ ಉಸಿರು ಕಟ್ಟುತ್ತಿದ್ದರೆ, ತುಟಿ ಕಪ್ಪಿಟ್ಟರೆ, ಕೂಸಿನ ಮಿಸುಕಾಟ ಕಡಿಮೆ ಅನ್ನಿಸಿದರೆ, ರಕ್ತ ಅಥವಾ ನೀರು ಹೋದರೆ, ಕರೆದರೆ ಓಗೊಡದಷ್ಟು ಮಂಕಾದರೆ ಆಗ ಊರ ದವಾಖಾನೆಯ ಮಾತೂ ಬೇಡ, 108 ಕರೆದು ಆಮ್ಲಜನಕ, ಹೆರಿಗೆ ಎರಡೂ ನೋಡುವ ಜಾಗಕ್ಕೆ. ಜ್ವರ ಒಮ್ಮೆ ಇಳಿದು ಮತ್ತೆ ಏರಿದರೆ ಅದನ್ನು ಹೊಸ ಜ್ವರ ಎಂದುಕೊಳ್ಳಬೇಡಿ; ನ್ಯುಮೋನಿಯಾ ಹಾಗೇ ಬರುತ್ತದೆ.

ಬಾಣಂತಿ ಕೋಣೆಯ ಬಗ್ಗೆ ಎರಡು ಮಾತು. ಹೆತ್ತ ಕೂಡಲೇ ಅಪಾಯ ಮುಗಿಯುವುದಿಲ್ಲ ಎಂದೆ. ಕಿಟಕಿ ಮುಚ್ಚಿ, ಕೆಂಡಕ್ಕೆ ಲೋಬಾನ ಹಾಕಿ, ಹೊಗೆಯಲ್ಲಿ ಕೂಸನ್ನೂ ಬಾಣಂತಿಯನ್ನೂ ಇಡುವುದು ಪುಪ್ಪುಸಕ್ಕೆ ಒಳ್ಳೆಯದಲ್ಲ, ಫ್ಲೂ ದಿನಗಳಲ್ಲಂತೂ ಬೇಡವೇ ಬೇಡ. ಕೂಸು ನೋಡಲು ಅಮೀನಗಡದ ಕರದಂಟು ಹಿಡಿದುಕೊಂಡು ಬರುವವರನ್ನು ಬೇಡ ಅನ್ನಬೇಕಿಲ್ಲ. ಕರದಂಟು ಒಳಗೆ ಬರಲಿ, ಕೆಮ್ಮುವವರು ಪಡಸಾಲೆಯಲ್ಲೇ ಚಹಾ ಕುಡಿಯಲಿ.

ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಬಾಣಂತಿಗೇ ಫ್ಲೂ ಬಂದರೆ ಮೊಲೆ ಬಿಡಿಸಬೇಕೇ? ಬೇಡ. ಫ್ಲೂ ಹಾಲಿನಿಂದ ಹರಡುವುದಿಲ್ಲ, ಉಸಿರಿನಿಂದ ಹರಡುತ್ತದೆ. ಹಾಲಿನಲ್ಲಿ ಆ ಜ್ವರಕ್ಕೇ ಎದುರಾಗಿ ತಾಯಿಯ ಮೈ ಮಾಡಿದ ಪ್ರತಿಕಾಯಗಳಿರುತ್ತವೆ. ಆಕೆ ಸಬಕಾರದಿಂದ ಕೈ ತೊಳೆದು, ಮೂಗು-ಬಾಯಿಗೆ ಮಾಸ್ಕು ಕಟ್ಟಿಕೊಂಡು ಕುಡಿಸಲಿ. ತೀರ ಸೋತಿದ್ದರೆ ಹಿಂಡಿ ಕೊಟ್ಟ ಹಾಲನ್ನು ಒಳಲೆಯಲ್ಲಿ ನೀವು ಕುಡಿಸಿ. ಒಸೆಲ್ಟಾಮಿವಿರ್ ತೆಗೆದುಕೊಳ್ಳುತ್ತಿದ್ದರೂ ಹಾಲು ನಿಲ್ಲಿಸಬೇಕಿಲ್ಲ. ಹಾಲು ಕುಡಿಸುವ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಕೂಸು ನಿಮ್ಮ ತೊಡೆಯ ಮೇಲಿರಲಿ, ನಿಮಗೆ ಕೆಮ್ಮಿಲ್ಲದಿದ್ದರೆ.

ಇತಿ ನಿಮ್ಮ ಕಡೆಯ ಹೆಣ್ಣುಮಗಳು